ಎಮರಾಲ್ಡಿನ ನೀರು ನೋಡಿದೆ

ಎಮರಾಲ್ಡ್
ಭಾನುವಾರ, 9 ನವೆಂಬರ್ 2025

ಮೋನಿಷಾಳ ಅಪ್ಪನಿಗೆ,

ಗುಂಡ್ಲುಪೇಟೆಗೆ ಅಮ್ಮನ ಮನೆಗೆಂದು ಹೇಳಿ ಹೊರಟವಳು ಅಲ್ಲಿಗೆ ಹೋಗಲಿಲ್ಲ. ಇಲ್ಲಿ ಗೆಳತಿ ಪಂಕಜಂ ಮನೆಯಲ್ಲಿದ್ದೇನೆ. ಫೋನು ಮಾಡಿದರೆ ನೀವು ನಡುವೆ ಬಾಯಿ ಹಾಕುತ್ತೀರಿ, ಅದಕ್ಕೇ ಕಾಗದ. ಪೂರ್ತಿ ಓದಿ.

ಪಂಕಜಂ ಅವರ ಚಹಾ ತೋಟದ ಕೆಳಗೇ ಎಮರಾಲ್ಡ್ ಡ್ಯಾಮಿನ ನೀರು. ಬೆಳಿಗ್ಗೆ ಒಬ್ಬಳೇ ಇಳಿದು ಹೋದೆ. ಮಂಜು ಸರಿಯಿತು ನೋಡಿ, ಎಷ್ಟು ನೀರು ಅಂತೀರಿ. ಇಷ್ಟು ವರ್ಷ ನನಗೆ ನೀರೆಂದರೆ ಕ್ಯಾರೆಟ್ ತೊಳೆಯುವ ಮಿಷನ್ನಿನ ಪೈಪಿನಲ್ಲಿ ಬರುವುದು. ಇದು ಗುಡ್ಡದಿಂದ ಗುಡ್ಡಕ್ಕೆ ತುಂಬಿಕೊಂಡು ಸದ್ದಿಲ್ಲದೆ ಕೂತಿದೆ. ಮೊದಲು ಹೆದರಿದೆ, ಆಮೇಲೆ ಅತ್ತುಬಿಟ್ಟೆ. ಊಟಿಯ ಗದ್ದಲದಿಂದ ಕಾರಿನಲ್ಲಿ ಬಂದವರೂ ದಡಕ್ಕೆ ಬಂದೊಡನೆ ಮಾತು ನಿಲ್ಲಿಸುತ್ತಾರೆ. ಇಷ್ಟು ಹತ್ತಿರ ಇದನ್ನಿಟ್ಟುಕೊಂಡು, ತೋರಿಸಿ ಎಂದಾಗಲೆಲ್ಲ ಹತ್ತೊಂಬತ್ತು ವರ್ಷ ‘ಕ್ಯಾರೆಟ್ ಸೀಸನ್ ಮುಗೀಲಿ’ ಅಂದಿರಲ್ಲ, ಪುಣ್ಯಾತ್ಮರು ನೀವು.

ಅಲ್ಲೇ ನಿಂತು ಬಲಗಣ್ಣು ಮುಚ್ಚಿದೆ. ಅರ್ಧ ನೀರು ಕಾಣಲಿಲ್ಲ.

ಮೊನ್ನೆ ಮಂಗಳವಾರ ತುಮ್ಮನಟ್ಟಿಯ ನಮ್ಮ ಮಿಷನ್ನಿನ ಹತ್ತಿರ, ಸೀಳಿದ ಕ್ಯಾರೆಟ್ಟುಗಳನ್ನು ನಾನು ಒಳ್ಳೆಯ ಮೂಟೆಗೆ ಹಾಕಿದೆನೆಂದು ಕೆಲಸದ ಹೆಂಗಸರೆಲ್ಲರ ಎದುರು ‘ಕಣ್ಣ ಎಲ್ ಮಡಗಿದ್ದೀಯೆ’ ಎಂದಿರಿ. ಎಡಗಡೆಯ ಸೀಳು ನನಗೆ ನಿಜವಾಗಿಯೂ ಕಾಣಿಸಿರಲಿಲ್ಲ. ಶುಕ್ರವಾರ ಪಂಕಜಂ ಜೊತೆ ಕೊಯಮತ್ತೂರಿಗೆ ಹೋಗಿ ತೋರಿಸಿದೆ. ಎಡಗಣ್ಣಿನ ಒಳಪೊರೆ, ರೆಟಿನಾ ಅಂತಾರಲ್ಲ, ಅದು ಕಳಚಿಕೊಂಡಿದೆಯಂತೆ. ಈ ಮಂಗಳವಾರ ಆಪರೇಷನ್. ದೃಷ್ಟಿ ಎಷ್ಟು ಉಳಿಯುತ್ತದೋ ಡಾಕ್ಟರಿಗೂ ಗೊತ್ತಿಲ್ಲ.

ಕಣ್ಣು ಹೋದರೂ ಸರಿ, ನಿಮ್ಮ ಹಂಗು ಬೇಡ ಎಂದುಕೊಂಡೇ ಮನೆ ಬಿಟ್ಟಿದ್ದೆ. ಈ ನೀರಿನ ಮುಂದೆ ಆ ಹಟ ನಿಲ್ಲಲಿಲ್ಲ. ಇಂಥದ್ದನ್ನು ಒಬ್ಬಳೇ ನೋಡಿ ಸುಮ್ಮನಿರುವುದು ನನ್ನಿಂದಾಗದು. ಪಕ್ಕದಲ್ಲಿ ನೀವಿದ್ದರೆ ‘ಹೂಂ, ನೀರೇ ತಾನೆ’ ಅನ್ನುತ್ತಿದ್ದಿರಿ. ಅದನ್ನಾದರೂ ಕೇಳಬೇಕು ಅನ್ನಿಸಿತು.

ಕಾಗದವನ್ನು ನಾಳೆ ಬೆಳಿಗ್ಗೆ ತರಕಾರಿ ವ್ಯಾನಿನ ಡ್ರೈವರ್ ಸೆಂಥಿಲ್ ತರುತ್ತಾನೆ.

ಕೋಪ ಪೂರ್ತಿ ಇಳಿಯದ
ಗೀತಾಂಜಲಿ

ತಾ.ಕ.: ತುಂಬಿ ತನ್ನಿ ಎಂದು ಆಸ್ಪತ್ರೆಯವರು ಕೊಟ್ಟ ಫಾರಂನಲ್ಲಿ ಜೊತೆಗಿರುವವರು ಯಾರೆಂದು ಕೇಳಿದ್ದಾರೆ. ಶುಕ್ರವಾರ ಪಂಕಜಂ ಹೆಸರು ಬರೆದಿದ್ದೆ. ಇಂದು ಅದನ್ನು ಹೊಡೆದುಹಾಕಿ ‘ಗುರುಮಲ್ಲಪ್ಪ, ಗಂಡ’ ಎಂದು ಬರೆದೆ. ಎಲ್ಲ ಅರ್ಜಿಗಳಲ್ಲೂ ನಿಮ್ಮ ಹೆಸರನ್ನು ಮಗಳ ಕೈಲೇ ಬರೆಸುತ್ತಿದ್ದವಳು ನಾನು. ನನ್ನ ಕೈಯಾರೆ ಬರೆದದ್ದು ಇದೇ ಮೊದಲು. ನಾಳೆ ಮಧ್ಯಾಹ್ನವೇ ಬನ್ನಿ. ನೀರನ್ನು ಇನ್ನೊಮ್ಮೆ, ನಿಮ್ಮ ಜೊತೆ ನಿಂತು ನೋಡಬೇಕು.