ಮೂಗಿನ ಮೇಲಿನ ಬೆಣ್ಣೆ ಕಲೆ

ಜೂನ್ ೨೮, ಶನಿವಾರ

ಶ್ರೀಮತಿ ಥ್ವೇಟ್ ಈ ವರ್ಷವೇ ಬರಬೇಕಿತ್ತೇ. ಹಳೆಯ ವಿದ್ಯಾರ್ಥಿಗಳ ಊಟ ಮುಗಿದ ಮೇಲೆ ಆಕೆ ಊಟದ ಹಾಲ್‌ನಲ್ಲೇ, ಶಾಲೆಗೆ ಹೆಸರು ತಂದವರ ಚಿತ್ರಗಳ ಕೆಳಗೆ ಕೋಲೂರಿ ನಿಂತು ಗಂಡನನ್ನು ಹುಡುಕುತ್ತಿದ್ದರು. ಮಂತ್ರಿಯಾಗಿದ್ದ ಆತ ಸತ್ತ ಮೇಲೆ ಲಂಚದ ಕಥೆ ಪತ್ರಿಕೆಗಳಲ್ಲಿ ಬಂತು. ಹೆಡ್‌ಮಾಸ್ಟರ್ ಹೇಳಿದರೆಂದು ಸೋಮವಾರ ಗೋಡೆಯಿಂದ ಆತನ ಚಿತ್ರ ಇಳಿಸಿದವನು ನಾನೇ. ಅಲ್ಲೀಗ ದೋಣಿ ಓಟದಲ್ಲಿ ಪದಕ ಗೆದ್ದವನೊಬ್ಬ ನಗುತ್ತಿದ್ದಾನೆ.

"ನಮ್ಮ ಡೆನ್ಜಿಲ್ ಎಲ್ಲಿ, ಮೇಷ್ಟ್ರೇ?"

"ಕ್ಲೀನ್ ಮಾಡೋಕೆ ಕಳಿಸಿದೀವಿ." ನಾಲಿಗೆ ತಡವರಿಸಲೂ ಇಲ್ಲ.

"ಹಾಗಾದ್ರೆ ಮೂಗಿನ ಮೇಲಿನ ಬೆಣ್ಣೆ ಕಲೆ ಮಾತ್ರ ತೆಗೀಬೇಡಿ ಅಂತ ಹೇಳಿ. ಊಟಕ್ಕೆ ಕೂತಾಗ ಹುಡುಗ್ರು ತಮಗೆ ಇಷ್ಟವಾದೋರ ಚಿತ್ರಕ್ಕೇ ಬೆಣ್ಣೆ ಎಸೆಯೋದಲ್ವಾ? ಡೆನ್ಜಿಲ್‌ಗೆ ಅದೇ ದೊಡ್ಡ ಹೆಮ್ಮೆ. ಮಂತ್ರಿ ಆದಾಗ್ಲೂ ಅಷ್ಟು ಬೀಗಿರ್ಲಿಲ್ಲ."

"ಖಂಡಿತ ಹೇಳ್ತೀನಿ" ಎಂದೆ. ಆಕೆ ನನ್ನ ಕೈ ಹಿಡಿದು, ಒಳ್ಳೆಯವನು ಎಂದರು.

ಚಿತ್ರ ಬಾಯ್ಲರ್ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ. ಈಗಷ್ಟೇ ಹೋಗಿ ತಿರುಗಿಸಿ ನೋಡಿದೆ. ಕಲೆ ಹಾಗೇ ಇದೆ. ಮತ್ತೆ ಗೋಡೆಗೇ ತಿರುಗಿಸಿಟ್ಟು ಬಂದೆ.