ಇದ್ದಿಲ ಡಬ್ಬಿ

ಭಾನುವಾರ, ಬೆಳಿಗ್ಗೆ

ವೇದಿಕೆಯ ಮೇಲಿರುವ ಗಣ್ಯರೇ, ಕೆಳಗಿರುವ ನಗಣ್ಯರೇ, ಇವರೆಲ್ಲರಿಗಿಂತ ಮಾನ್ಯಳಾದ ನನ್ನ ಅಕ್ಕನೇ,

ಪತ್ರ ತಡವಾಯಿತು, ಕ್ಷಮೆ ಇರಲಿ. ಕೈಯೆಲ್ಲ ಮಸಿ, ತಲೆಯೆಲ್ಲ ಬಿಸಿ, ಬರೆಯಲು ಬಿಡುವಾಗಲಿಲ್ಲ. "ಆ ಪೆಟ್ರೋಲ್ ವಾಸನೆ ಒಂದು ಇಲ್ದೆ ಇದ್ದಿದ್ರೆ ನಾಳೆನೇ ಬಂದ್ಬಿಡ್ತಿದ್ದೆ ಕಣೋ" ಎಂದು ಮಗಳ ಮನೆಯಿಂದ ಫೋನಿನಲ್ಲಿ ಹೇಳಿದೆಯಲ್ಲ, ಅಂದಿನಿಂದ ನಮ್ಮಿಬ್ಬರ ಮುದಿ ಕಾರಿನ ಬೆನ್ನು ಹತ್ತಿದ್ದೇನೆ. ನಿನ್ನ ಶ್ವಾಸಕೋಶಕ್ಕೆ ಆವಿ ಆಗದು ಎಂದಮೇಲೆ ಆವಿಯೇ ಇರಕೂಡದು.

ಮೊದಲು ಜಾಣತನ ಮಾಡಿದೆ. ಟ್ಯಾಂಕಿನ ಹಳೆಯ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿತ್ತು, ವಾಸನೆ ಅಲ್ಲಿಂದಲೇ. ಅದನ್ನು ತೆಗೆದು, ಹೊಸ ಕಾರಿನ ಬಿಗಿ ಮುಚ್ಚಳ ಹಾಕಿದೆ. ಹೆಂಡತಿಯನ್ನು ಕೂರಿಸಿಕೊಂಡು ಹೊರಟರೆ ಸೇತುವೆಯ ಏರಿನಲ್ಲಿ ಕಾರು ಕೆಮ್ಮಿ ನಿಂತಿತು. ಹಿಂದಿದ್ದ ಬಸ್ಸಿನವನು "ಮ್ಯೂಸಿಯಂ ಇಲ್ಲಲ್ಲ ಸಾರ್, ಮುಂದೆ!" ಎಂದು ಕೂಗಿದ. ಮುಚ್ಚಳ ತಿರುಗಿಸಿದೆ. ಹುಸ್ಸೆಂದು ಗಾಳಿ ಒಳಗೆಳೆದುಕೊಂಡು ಕಾರು ಹೊರಟಿತು. ಮುಂದಿನ ಸರ್ಕಲ್ಲಿನಲ್ಲಿ ಮತ್ತೆ ನಿಂತಿತು.

"ಎಣ್ಣೆ ಡಬ್ಬಕ್ಕೆ ಎರಡು ತೂತು ಯಾಕ್ರೀ ಹೊಡೀತೀವಿ? ಗಾಳಿ ಒಳಗೆ ಹೋಗ್ದೆ ಎಣ್ಣೆ ಹೊರಗೆ ಬರುತ್ತಾ? ಇಷ್ಟೂ ಗೊತ್ತಿಲ್ದೋರಿಗೆ ಡಿಗ್ರಿ ಯಾರು ಕೊಟ್ರು?" ಎಂದಳು.

"ಕೊಟ್ಟಿದ್ದು ಇತಿಹಾಸದಲ್ಲಿ, ಎಣ್ಣೇಲಲ್ಲ" ಎಂದೆ. ಮುಚ್ಚಳ ಸಡಿಲ ಬಿಟ್ಟುಕೊಂಡು ಮನೆ ಸೇರಿದೆವು. ದಾರಿಯುದ್ದಕ್ಕೂ ನಕ್ಕಳು.

ಈಗ ಸರಿಮಾಡಿದ್ದೇನೆ. ಟ್ಯಾಂಕಿನ ನೆತ್ತಿಯಿಂದ ಒಂದು ರಬ್ಬರ್ ಕೊಳವೆ, ಅದರ ತುದಿಗೆ ಇದ್ದಿಲು ತುಂಬಿದ ಡಬ್ಬಿ. ಕಾರು ನಿಂತಿರುವಾಗ ಇದ್ದಿಲು ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಓಡುವಾಗ ಇಂಜಿನ್ನು ಇನ್ನೊಂದು ಕೊಳವೆಯಿಂದ ಅದನ್ನೇ ಹೀರಿ ಸುಡುತ್ತದೆ. ಟ್ಯಾಂಕಿಗೆ ಬೇಕಾದ ಗಾಳಿಯೂ ಡಬ್ಬಿಯ ಮೂಲಕವೇ ಹೋಗುತ್ತದೆ. ಆವಿಗೆ ಸೆರೆ, ಅಕ್ಕನಿಗೆ ಕರೆ! ಪ್ರಾಸ ಸಾಲದಿದ್ದರೆ ನೀನೇ ತಿದ್ದಿಕೋ.

ಪರೀಕ್ಷೆಗೆಂದು ಪಕ್ಕದ ಮನೆಯ ಟೀಚರಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕಿಟಕಿ ಏರಿಸಿದೆ. ಅವರ ಮೂಗು ಗೊತ್ತಲ್ಲ, ನಮ್ಮ ಒಲೆಯ ಮೇಲೆ ಹಾಲು ಸೀದರೆ ಅವರ ಅಂಗಳದಿಂದ ಕೂಗು ಬರುತ್ತದೆ. ಬಹಳ ಹೊತ್ತು ಮೂಸಿ, "ಪೆಟ್ರೋಲ್ ಏನೂ ಇಲ್ಲಪ್ಪ. ನಿನ್ನ ಸಾಕ್ಸ್ ಒಗೆದು ಎಷ್ಟು ದಿನ ಆಯ್ತು?" ಎಂದರು. ಕಾರು ಪಾಸು, ನಾನು ಫೇಲು.

ಡ್ರೈವರ್ ಸೀಟು ನಿನ್ನ ಅಳತೆಗೇ ಇದೆ. ನನ್ನ ಮೊಣಕಾಲು ಸ್ಟೀರಿಂಗಿಗೆ ತಾಗುತ್ತದೆ, ತಾಗಲಿ. ಔಷಧಿ ಹೊತ್ತಿಗೆ ಸರಿಯಾಗಿ ತೆಗೆದುಕೋ. ಮಗಳನ್ನು ಗದರಬೇಡ. ನಮ್ಮ ಮೇಲೆ ನಿನ್ನ ಆಶೀರ್ವಾದವಿರಲಿ, ಬೈಗುಳವೂ ಇರಲಿ.

ಇತಿ,
ನೀನು ಓಡಿಸಿದ್ದನ್ನು ಸದಾ ತಳ್ಳುತ್ತ ಬಂದ
ತಮ್ಮ

ವಿ.ಸೂ.: ಅಕ್ಕಾ, ನಿನ್ನ ಮಗಳು ಹೋದ ವಾರವೇ ನನಗೆ ಎಲ್ಲ ಹೇಳಿದಳು. ನೀನು ಇನ್ನು ಮನೆಗೆ ಬರುವ ಹಾಗಿಲ್ಲವೆಂದು ಡಾಕ್ಟರು ಅಂದದ್ದು, ನನಗೆ ತಿಳಿಯದಿರಲೆಂದು ನೀನು ಪೆಟ್ರೋಲಿನ ನೆಪ ಹೇಳಿದ್ದು, ಎಲ್ಲ. ಇದ್ದಿಲ ಡಬ್ಬಿ ಕೂರಿಸಿದ್ದು ಅದಾದ ಮೇಲೆ. ಈ ಕೈಗಳಿಗೆ ಬೇರೇನು ಕೆಲಸ ಕೊಡಬೇಕೋ ತಿಳಿಯಲಿಲ್ಲ.