ಹತ್ತು ದಿನದ ರಜೆ, ನಾಲ್ಕು ರೂಟು

ಡಿಸೆಂಬರ್ 21, ಬೆಳಿಗ್ಗೆ 5.10

ನಾಲ್ಕೂಮುಕ್ಕಾಲಿಗೇ ಎಚ್ಚರ. ಡ್ಯೂಟಿ ಇಲ್ಲ, ಮೊದಲ ಟ್ರಿಪ್ ಇಲ್ಲ. ಆದರೂ ಕೈ ದಿಂಬಿನ ಪಕ್ಕ ಟಿಕೆಟ್ ಮಷೀನ್ ಹುಡುಕಿತು. ಸಿಕ್ಕಿದ್ದು ಕನ್ನಡಕ.

ಕಂಡಕ್ಟರ್ ಆಗಿ ಇಪ್ಪತ್ತೇಳು ವರ್ಷ. ವಾರದ ರಜೆ, ಹಬ್ಬದ ರಜೆ ಬಿಟ್ಟು ಒಟ್ಟಿಗೆ ಹತ್ತು ದಿನ ರಜೆ ಇದೇ ಮೊದಲು. ಡಿಪೋ ಮ್ಯಾನೇಜರ್ ಅರ್ಜಿಯನ್ನು ಎರಡು ಸಲ ಓದಿದರು. "ಏನಮ್ಮಾ, ಹುಷಾರಾಗಿದೀರಾ ತಾನೆ?" ಕ್ರಿಸ್‌ಮಸ್ ರಜೆಗೆ ಮಗನ ಮನೆಗೆ ಹೋಗುತ್ತೇನೆ ಎಂದೆ. ಇನ್ನೇನೋ ಕೇಳುವವರಿದ್ದರು, ಸಹಿ ಹಾಕಿಬಿಟ್ಟರು. ಆಗಸ್ಟ್‌ನಲ್ಲಿ ಮಗ ನನಗೊಂದು ಮಾತೂ ಹೇಳದೆ ರಿಜಿಸ್ಟರ್ ಮದುವೆಯಾದದ್ದು ಇಡೀ ಡಿಪೋಗೆ ಗೊತ್ತು. ಎರಡು ತಿಂಗಳು ಅವನ ಫೋನ್ ಎತ್ತಿರಲಿಲ್ಲ, ಅದೂ ಗೊತ್ತು.

ಮಗನ ಮನೆ ನಾಲ್ಕನೇ ಮಹಡಿ. ಎರಡು ಕೋಣೆ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಉಸಿರು ಬಿಗಿಹಿಡಿಯಬೇಕು. ಮಗ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್. ಜೊತೆಯವರೆಲ್ಲ ಕ್ರಿಸ್‌ಮಸ್‌ಗೆ ರಜೆ ಹಾಕಿ ಹೋದದ್ದರಿಂದ ಇವನಿಗೆ ದಿನಾ ಹನ್ನೆರಡು ಗಂಟೆ ಡ್ಯೂಟಿ. ಅಂದರೆ ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ನಾನು ಮತ್ತು ಸೊಸೆ. ನಡುವೆ ಒಂದು ಮೇಜು.

ಅವಳು ನನ್ನನ್ನು ಏನೆಂದೂ ಕರೆಯುವುದಿಲ್ಲ. "ಕಾಫಿ ಬೇಕಾ" ಎಂದು ಗಾಳಿಯನ್ನು ಕೇಳುತ್ತಾಳೆ. "ಬೇಕು" ಎಂದು ನಾನೂ ಗಾಳಿಗೇ ಹೇಳುತ್ತೇನೆ.

ಇನ್ನೊಂದು. ಮಾತಾಡುವಾಗ ನನ್ನ ಬಾಯಿಯನ್ನೇ ನೋಡುತ್ತಾಳೆ. ಕನ್ನಡಿಯಲ್ಲಿ ಎರಡು ಸಲ ನೋಡಿಕೊಂಡೆ. ಏನೂ ಅಂಟಿಲ್ಲ.

ಡಿಸೆಂಬರ್ 22, ಮಧ್ಯಾಹ್ನ

ಬಾಲ್ಕನಿಯಲ್ಲಿ ನಿಂತು ಸೊಸೆಯನ್ನು ಕೇಳಿದೆ. "ಆ ಕಡೆ ಏನಿದೆ?"

"ಗೊತ್ತಿಲ್ಲ."

"ಈ ಕಡೆ?"

"ತರಕಾರಿ ಅಂಗಡಿ."

"ಅದರಾಚೆ?"

ಕಂಬಿಯ ಧೂಳು ಒರೆಸತೊಡಗಿದಳು. "ಗೊತ್ತಿಲ್ಲ."

ನಾಲ್ಕು ತಿಂಗಳಿಂದ ಇಲ್ಲಿದ್ದಾಳೆ. ಸೊಕ್ಕೋ, ಸೋಮಾರಿತನವೋ... ಛೆ, ಹಾಗೆ ಬರೆಯಬಾರದು. ಬರೆದಾಯಿತು.

ಡಿಸೆಂಬರ್ 23, ಸಂಜೆ 6.30

ಇವತ್ತು ಕಳೆದುಹೋಗಿದ್ದೆ. ವಸ್ತುವಲ್ಲ. ನಾನೇ.

ಬೆಳಿಗ್ಗೆ ಹತ್ತಕ್ಕೆ "ಇಲ್ಲೇ ಹೋಗಿ ಬರ್ತೀನಿ" ಎಂದು ಇಳಿದೆ. ಮೂಲೆಯ ಮೆಡಿಕಲ್ ಶಾಪ್ ಎದುರು ಹದಿನಾಲ್ಕನೇ ನಂಬರ್ ಬಸ್ ಬಂತು. ಈ ಊರಿನ ಕಂಡಕ್ಟರುಗಳು ಹೇಗೆ ಕೆಲಸ ಮಾಡುತ್ತಾರೆ ನೋಡೋಣ ಎನ್ನಿಸಿತು. ಹತ್ತಿದೆ. ಕಿಟಕಿ ಸೀಟು, ಬಿಸಿಲು, ಯಾರೂ ಚಿಲ್ಲರೆ ಕೇಳುವುದಿಲ್ಲ. ಎಂಥ ಸುಖ. ನಿದ್ದೆ ಹೋದೆ.

ಎಚ್ಚರವಾದದ್ದು ಕೊನೆಯ ಸ್ಟಾಪಿನಲ್ಲಿ. ಫೋನು ಮನೆಯಲ್ಲಿ, ಚಾರ್ಜಿಗೆ ಹಾಕಿಟ್ಟಿದ್ದೆ. ಅಡ್ರೆಸ್ ಗೊತ್ತಿಲ್ಲ. ಬಂದ ದಿನ ಮಗ ಕರೆದುಕೊಂಡು ಬಂದಿದ್ದ, ಹಿಂದೆ ನಡೆದಿದ್ದೆ ಅಷ್ಟೇ.

ಕಂಡಕ್ಟರ್ ಮೂವತ್ತರ ಆಸುಪಾಸಿನವನು. "ಎಲ್ಲಿ ಹತ್ತಿದ್ರಮ್ಮ?"

"ಒಂದು ಮೆಡಿಕಲ್ ಶಾಪ್ ಎದುರು."

"ಈ ರೂಟಲ್ಲಿ ಹನ್ನೊಂದು ಮೆಡಿಕಲ್ ಶಾಪ್ ಇದಾವಮ್ಮ."

"ಮನೆಗೆ ಹಸಿರು ಗೇಟು."

"ಇಲ್ಲಿ ಎಲ್ಲಾ ಗೇಟೂ ಹಸಿರೇ."

ಅವನು ಕಣ್ಣರಳಿಸಿ ನೋಡುತ್ತಿದ್ದ. ಇಂಥ ಪ್ರಯಾಣಿಕರನ್ನು ನಾನೂ ಹಾಗೇ ನೋಡುತ್ತೇನೆ. ತಡೆಯಲಾಗದೆ ನನ್ನ ಕೆಲಸ ಏನೆಂದು ಹೇಳಿಬಿಟ್ಟೆ. ನಕ್ಕ. ನಕ್ಕೂ ನಕ್ಕೂ ಫುಟ್‌ಬೋರ್ಡ್ ಮೇಲೆ ಕುಸಿದು ಕೂತ. ಡ್ರೈವರನ್ನು ಕರೆದು ಹೇಳಿದ. ಡ್ರೈವರ್ ಇಳಿದು ಬಂದು ನನ್ನ ಮುಖ ನೋಡಿ ಹೋದ.

ಆಮೇಲೆ ಒಳ್ಳೆಯವನಾದ. ಮುಂದಿನ ಸೀಟಿನಲ್ಲಿ ಕೂರಿಸಿ, ಒಂದೊಂದು ಮೆಡಿಕಲ್ ಶಾಪ್ ಬಂದಾಗಲೂ "ಇದಾ ಅಕ್ಕಾ?" ಅಲ್ಲ. "ಇದಾ?" ಅಲ್ಲ. ಬಸ್ಸಿನವರೆಲ್ಲ ನನ್ನ ಪರವಾಗಿ "ಅಲ್ಲವಂತೆ" ಎನ್ನತೊಡಗಿದರು.

ಆರನೆಯದರ ಎದುರು ಸೊಸೆ ನಿಂತಿದ್ದಳು. ಕಾಲಲ್ಲಿ ಒಂದು ಅವಳ ಚಪ್ಪಲಿ, ಒಂದು ಮಗನದು.

ನಾನು ಇಳಿಯುವುದೇ ತಡ, ಶುರು. "ಎಲ್ಲಿ ಹೋಗಿದ್ರಿ? ಫೋನ್ ಬಿಟ್ಟು ಹೋಗೋದಾ? ಮೂರು ಗಂಟೆ ಹೊತ್ತಿಂದ ನಿಂತಿದೀನಿ. ಹುಡುಕೋಣ ಅಂದ್ರೆ ನಂಗೆ ಇಲ್ಲಿ ಒಂದು ಬೀದಿನೂ ಗೊತ್ತಿಲ್ಲ. ನಿಮಗೇನಾದ್ರೂ ಆಗಿದ್ರೆ ಅವ್ರಿಗೆ ನಾನು ಏನಂತ ಹೇಳ್ಲಿ?"

ಬಸ್ ಹೊರಡಲಿಲ್ಲ. ಎಲ್ಲರೂ ಕೇಳಿಸಿಕೊಂಡರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಪ್ರಯಾಣಿಕರು ದಿನಾ ಬೈಯುತ್ತಾರೆ, ಅದು ಬೇರೆ. ಮನೆಯವರು ಬೈದು ಎಷ್ಟು ವರ್ಷವಾಯಿತು. ಅಮ್ಮ ಹೋದ ಮೇಲೆ ಯಾರೂ ಇಲ್ಲ.

ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಾನೂ ಕೂತೆ. ಆಗ ಹೇಳಿದಳು. ಬಂದ ಮೊದಲ ವಾರ ಅವಳಿಗೂ ಹೀಗೇ ಆಗಿತ್ತಂತೆ. ಅದೇ ಮೆಡಿಕಲ್ ಶಾಪ್ ಎದುರು ಎರಡು ಗಂಟೆ ಅಳುತ್ತಾ ನಿಂತಿದ್ದಳಂತೆ, ಮನೆ ನೂರು ಹೆಜ್ಜೆ ದೂರದಲ್ಲಿದ್ದರೂ. ಅಲ್ಲಿಂದಾಚೆ ತರಕಾರಿ ಅಂಗಡಿ ದಾಟಿಲ್ಲ. ನನ್ನ ಮಗನಿಗೆ ಹೇಳಿಲ್ಲ.

"ಯಾರನ್ನಾದ್ರೂ ದಾರಿ ಕೇಳೋಕೇ ಭಯ ನಂಗೆ."

"ದಿನಕ್ಕೆ ಮುನ್ನೂರು ಜನ ನನ್ನನ್ನ ದಾರಿ ಕೇಳ್ತಾರೆ," ಎಂದೆ. "ಕೇಳಿ ಸತ್ತೋರು ಇನ್ನೂ ಯಾರೂ ಇಲ್ಲ."

ಮೂಗು ಒರೆಸಿಕೊಂಡು ನಕ್ಕಳು.

ಸೊಕ್ಕಲ್ಲ. ಸೋಮಾರಿತನವೂ ಅಲ್ಲ.

ಡಿಸೆಂಬರ್ 24, ಸಂಜೆ 5

ಮೂಲೆಯ ಸ್ಟಾಪಿಗೆ ನಾಲ್ಕು ಬೇರೆ ಬೇರೆ ನಂಬರಿನ ಬಸ್ಸುಗಳು ಬರುತ್ತವೆ. ಎಲ್ಲವನ್ನೂ ಕೊನೆಯ ಸ್ಟಾಪಿನವರೆಗೆ ನೋಡುವುದು ಎಂದು ತೀರ್ಮಾನ. ನಿಯಮ ನನ್ನದು: ಪ್ರತಿ ಕೊನೆಯ ಸ್ಟಾಪಿನಲ್ಲಿ ಅವಳು ಒಬ್ಬರನ್ನು ಒಂದು ಪ್ರಶ್ನೆ ಕೇಳಬೇಕು.

ಹದಿನಾಲ್ಕು ಮತ್ತು ಎಂಟು ಮುಗಿದವು. ಹದಿನಾಲ್ಕರ ಕಂಡಕ್ಟರ್ ನನ್ನನ್ನು ಕಂಡ ಕೂಡಲೇ "ಅಕ್ಕಾ, ಇವತ್ತು ಫೋನ್ ತಂದಿದೀರಾ?" ಕೊನೆಯ ಸ್ಟಾಪಿನಲ್ಲಿ ಸೊಸೆ ಒಬ್ಬರನ್ನು ಟೈಮ್ ಕೇಳಿದಳು. ಅವರ ಕೈಯಲ್ಲಿ ವಾಚಿರಲಿಲ್ಲ. ಅವಳ ಕೈಯಲ್ಲಿ ಇತ್ತು. ಆದರೂ ಲೆಕ್ಕಕ್ಕೆ ತೆಗೆದುಕೊಂಡೆ.

ಎಂಟನೆಯದು ಹೋಗಿ ನಿಲ್ಲುವುದು ಹಳೆ ಬಾಗಿಲು ಮಾರುವ ಬೀದಿಯಲ್ಲಿ. ಕೆಡವಿದ ಮನೆಗಳ ಬಾಗಿಲುಗಳು. ಸಾಲಾಗಿ ಒರಗಿಸಿಟ್ಟಿದ್ದಾರೆ, ಇನ್ನೂರು ಮುನ್ನೂರು, ನಂಬರ್ ಪ್ಲೇಟು ಸಮೇತ. ಸೊಸೆಗೆ ಏನು ತೋಚಿತೋ, ಒಂದು ನೀಲಿ ಬಾಗಿಲು ತಟ್ಟಿದಳು. ಹಿಂದಿನಿಂದ "ಯಾರು?" ಎಂದಿತು ದನಿ. ಅಂಗಡಿಯವನು ಅಲ್ಲಿ ಕೂತು ಊಟ ಮಾಡುತ್ತಿದ್ದ. ಇಬ್ಬರೂ ಓಡಿದೆವು. ಐವತ್ತಮೂರು ವಯಸ್ಸು ನನಗೆ. ಓಡಿದೆ.

ಬಾಯಿ ನೋಡುವ ಗುಟ್ಟೂ ಬಯಲಾಯಿತು. ತನ್ನೂರಿನಲ್ಲಿ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಆರು ವರ್ಷ ಕೆಲಸ ಮಾಡಿದ್ದಾಳೆ. ಮಗ ಇದನ್ನು ಫೋನಿನಲ್ಲಿ ಹೇಳಿದ್ದನಂತೆ. ನಾನು ಕೇಳಿಸಿಕೊಂಡಿರಲಿಲ್ಲ. ಬಸ್ಸಿನಲ್ಲಿ ಪಿಸುಗುಡುತ್ತಾ ಬಂದಳು: ಡ್ರೈವರ್ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾನೆ. ಎದುರು ಸೀಟಿನವರ ಮುಂದಿನ ಎರಡು ಹಲ್ಲು ಕಟ್ಟಿಸಿದ್ದು, ಬಣ್ಣ ಸರಿಹೊಂದಿಲ್ಲ.

"ನಂದು?"

"ಮೇಲಿನ ಹಲ್ಲು ಒಂದು ಚೂರು ಸವೆದಿದೆ. ವಿಸಿಲ್ ಕಚ್ಚಿ ಕಚ್ಚಿ."

ಇಪ್ಪತ್ತೇಳು ವರ್ಷದ ಸರ್ವೀಸನ್ನು ಒಂದು ಹಲ್ಲಿನಲ್ಲಿ ಓದಿಬಿಟ್ಟಳು.

ಮಗ ಮಧ್ಯಾಹ್ನ ಫೋನ್ ಮಾಡಿದ್ದ. "ಅಮ್ಮ, ಬೇಜಾರಾಗ್ತಿದೆಯಾ? ಇಬ್ರೂ ಮಾತಾಡ್ತಿದೀರಾ?" ಏದುಸಿರು ಬಿಡುತ್ತಾ "ಪರವಾಗಿಲ್ಲ" ಎಂದೆ.

ಡಿಸೆಂಬರ್ 25, ಸಂಜೆ 6

ಕ್ರಿಸ್‌ಮಸ್. ಬೀದಿ ಖಾಲಿ. ಕಿಟಕಿಗಳಲ್ಲಿ ಕಾಗದದ ನಕ್ಷತ್ರಗಳು. ಇಪ್ಪತ್ತೆರಡನೇ ನಂಬರ್ ಬಸ್ಸಿಗೆ ನಾವಿಬ್ಬರೇ ಪ್ರಯಾಣಿಕರು, ಸ್ವಂತ ಬಸ್ಸಿನ ಹಾಗೆ. ಕೊನೆಯ ಸ್ಟಾಪು ಒಂದು ಕೆರೆ. ದೋಣಿಗಳನ್ನು ಬೋರಲು ಹಾಕಿದ್ದರು. ಕಾವಲಿನವನನ್ನು ಸೊಸೆ ತಾನಾಗಿಯೇ ಕೇಳಿದಳು, "ಯಾವಾಗ ಬಿಡ್ತೀರಾ?" "ನಾಡಿದ್ದು," ಎಂದ. ಅವಳ ಮುಖ ಇಷ್ಟಗಲ.

ಬೆಂಚಿನ ಮೇಲೆ ಕೂತೆವು. ಆಗ, ನೀರು ನೋಡುತ್ತಲೇ: "ನಿಮಗೊಂದು ಹೇಳ್ಬೇಕು. ಮೂವತ್ತನೇ ತಾರೀಕಿಗೆ ಟಿಕೆಟ್ ತೆಗೆಸಿದೀನಿ. ನಮ್ಮೂರಿಗೆ. ಹಳೇ ಲ್ಯಾಬಿನವರು ಒಂದನೇ ತಾರೀಕಿನವರೆಗೆ ನನ್ನ ಜಾಗ ಇಟ್ಕೊಂಡಿದಾರೆ. ಇಲ್ಲಿ ನನ್ನ ಕೈಲಿ ಆಗ್ತಿಲ್ಲ. ಅವ್ರಿಗೆ ಇನ್ನೂ ಹೇಳಿಲ್ಲ."

"ಮತ್ತೆ ಬರ್ತೀಯಾ?"

ಕಾಲಿನಿಂದ ಒಂದು ಕಲ್ಲನ್ನು ನೀರಿಗೆ ತಳ್ಳಿದಳು.

ಇಲ್ಲಿ ಬರೆಯದಿದ್ದರೆ ಇನ್ನೆಲ್ಲಿ ಬರೆಯಲಿ. ಆಗಸ್ಟ್‌ನಲ್ಲಿ ನಾನು ಬಯಸಿದ್ದು ಇದನ್ನೇ. ಅವಳು ತಾನಾಗಿಯೇ ಬಿಟ್ಟು ಹೋಗಲಿ ಎಂದು. ದಿನಾ, ಮೊದಲ ಟ್ರಿಪ್‌ನಿಂದ ಕೊನೆಯ ಟ್ರಿಪ್‌ವರೆಗೆ. ಈಗ ಅದು ಬಾಯಿಗೆ ಬಂದು ಕೂತಿದೆ. ನುಂಗಲಾರೆ, ಉಗುಳಲಾರೆ.

"ಅವನಿಗೆ ನೀನೇ ಹೇಳು," ಎಂದೆ. "ನಾನು ಹೇಳಲ್ಲ. ಆದ್ರೆ ಹೇಳ್ದೆ ಮಾತ್ರ ಹೋಗ್ಬೇಡ. ಹೇಳ್ದೆ ಮಾಡಿದ್ರೆ ಹೇಗಿರುತ್ತೆ ಅಂತ ನನಗೆ ಗೊತ್ತು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳಿಗೆ ತಟ್ಟಿತು. "ಅದು ನಮ್ಮಿಬ್ರದ್ದೂ ತಪ್ಪೇ," ಎಂದಳು ಮೆಲ್ಲಗೆ. ಮದುವೆಯ ಬಗ್ಗೆ ನಾವಾಡಿದ ಮೊದಲ ಮಾತು.

ಡಿಸೆಂಬರ್ 27, ಬೆಳಿಗ್ಗೆ

ನಿನ್ನೆ ಸಂಜೆ ಹೇಳಿದಳು. ಮಗ ಆಗಷ್ಟೇ ಬಂದು ಕೈಕಾಲು ತೊಳೆದಿದ್ದ. ಟವೆಲ್ ಕೈಯಲ್ಲೇ ಇತ್ತು. ಪೂರ್ತಿ ಕೇಳಿಸಿಕೊಂಡು, ತಿರುಗಿ ನನ್ನನ್ನು ನೋಡಿದ.

"ಅಮ್ಮ, ನೀನೇನಾದ್ರೂ ಅಂದ್ಯಾ ಇವಳಿಗೆ?"

ಎದೆಗೆ ಒದ್ದ ಹಾಗಾಯಿತು. ಆದರೆ ಅವನ ತಪ್ಪೇನು. ನನ್ನ ಮನಸ್ಸಿನಲ್ಲಿದ್ದದ್ದು ಅವನಿಗೆ ಗೊತ್ತಿಲ್ಲವೇ.

"ಅತ್ತೆ ಏನೂ ಅಂದಿಲ್ಲ," ಎಂದಳು ಸೊಸೆ. ದನಿ ಜೋರಾಗಿತ್ತು. "ಅತ್ತೆ ಬಂದ ಮೇಲೇ ನಾನು ಮನೆಯಿಂದ ಆಚೆ ಕಾಲಿಟ್ಟಿದ್ದು. ನಾಲ್ಕು ತಿಂಗಳಲ್ಲಿ ನೀವು ಒಂದಿನಾನೂ ಕೇಳ್ಲಿಲ್ಲ, ಹಗಲೆಲ್ಲ ಏನು ಮಾಡ್ತೀಯ ಅಂತ."

"ನೀನು ಹೇಳ್ಲೂ ಇಲ್ವಲ್ಲ..."

ಬಟ್ಟೆ ತರುತ್ತೇನೆಂದು ಟೆರೇಸಿಗೆ ಹೋದೆ. ಹಗ್ಗದ ಮೇಲೆ ಒಂದು ಬಟ್ಟೆಯೂ ಇರಲಿಲ್ಲ. ಮುಕ್ಕಾಲು ಗಂಟೆ ಕ್ಲಿಪ್ಪುಗಳನ್ನು ಬಣ್ಣದ ಪ್ರಕಾರ ಜೋಡಿಸಿದೆ.

ಇಳಿದು ಬಂದಾಗ ಇಬ್ಬರೂ ನೆಲದ ಮೇಲೆ ಕೂತಿದ್ದರು. ಮಗನ ಕಣ್ಣು ಕೆಂಪು. "ಹೋಗೋದಾದ್ರೆ ಹೋಗ್ಲಿ ಅಮ್ಮ. ಹದಿನೈದು ದಿನಕ್ಕೊಂದ್ಸಲ ನಾನೇ ಹೋಗಿ ಬರ್ತೀನಿ. ಕೆಲಸ ಇಲ್ದೆ ಇವಳನ್ನ ಇಲ್ಲಿ ಕೂರಿಸಿ ನಾನೇನು ಮಾಡ್ಲಿ."

ಅಷ್ಟು ದೊಡ್ಡವನಾಗಿದ್ದಾನೆ ಎಂದು ಗೊತ್ತಿರಲಿಲ್ಲ.

ಡಿಸೆಂಬರ್ 28, ಸಂಜೆ 4

ನಾಲ್ಕನೇ ರೂಟು ಬಾಕಿ ಇತ್ತು. ಮೂವತ್ತೊಂದನೇ ನಂಬರ್. ಹೋಗುವ ಮುಂಚೆ ಮುಗಿಸಿಬಿಡೋಣ ಎಂದು ಅವಳೇ ಹೊರಟಳು.

ಅರ್ಧ ದಾರಿಯಲ್ಲಿ ಮೊದಲ ಮಹಡಿಯೊಂದರ ಮೇಲೆ ಬೋರ್ಡು. ಬಾಗಿಲಷ್ಟು ದೊಡ್ಡ ಹಲ್ಲಿನ ಸೆಟ್ಟು, ಬರೆದವನು ಎರಡು ಹಲ್ಲು ಜಾಸ್ತಿಯೇ ಬರೆದಿದ್ದ. ಡೆಂಟಲ್ ಲ್ಯಾಬ್. ಇಬ್ಬರೂ ಒಟ್ಟಿಗೆ ನೋಡಿದೆವು. ಅವಳು ತಟ್ಟನೆ ತಲೆ ಆ ಕಡೆ ತಿರುಗಿಸಿದಳು.

"ಇಳಿ," ಎಂದೆ.

"ಬೇಡ ಅತ್ತೆ. ನಾಳೆ ಬರೋಣ."

"ನಾಳೆ ಈ ಬಸ್ಸಿಲ್ಲ." ಸುಳ್ಳು. ಬೆರಳು ಬಾಯಿಗಿಟ್ಟು ವಿಸಿಲ್ ಊದಿದೆ. ಬಸ್ ನಿಂತಿತು. ಕಂಡಕ್ಟರ್ ಪಾಪ, ತನ್ನ ವಿಸಿಲನ್ನೇ ತಿರುಗಿಸಿ ನೋಡಿಕೊಂಡ.

ಲ್ಯಾಬಿನ ಯಜಮಾನತಿ ಅರವತ್ತು ದಾಟಿದವರು, ಹಣೆಯ ಮೇಲೆ ಭೂತಗನ್ನಡಿ. ಬಿಳಿ ಪುಡಿ ಎಲ್ಲೆಲ್ಲೂ, ಹಿಟ್ಟಿನ ಗಿರಣಿಯ ಹಾಗೆ. ನಾನು ಮಾತಿಗೆ ಬಾಯಿ ತೆರೆದೆ. ಸೊಸೆ ನನ್ನ ಸೆರಗು ಹಿಡಿದು ಹಿಂದಕ್ಕೆ ಎಳೆದಳು.

"ಮೇಡಂ, ಇಲ್ಲಿ... ಕೆಲಸ ಇದೆಯಾ?" ಬಾವಿಯೊಳಗಿನಿಂದ ಬಂದ ಹಾಗಿತ್ತು ದನಿ. ಬಂತಲ್ಲ.

ಅವರು ಮೇಣದ ತುಂಡು, ಚಿಕ್ಕ ಚಾಕು ಮುಂದೆ ತಳ್ಳಿದರು. "ಮೇಲೆ, ಬಲಗಡೆ, ಮೊದಲನೇ ದವಡೆ ಹಲ್ಲು."

ಇಪ್ಪತ್ತು ನಿಮಿಷ. ಆ ಮುಖವನ್ನು ನಾನು ಈವರೆಗೆ ನೋಡಿರಲಿಲ್ಲ. ಹೆದರಿಕೆ ಎಲ್ಲಿ ಹೋಯಿತೋ. ಚಾಕು ದೀಪಕ್ಕೆ ಹಿಡಿಯುವುದು, ಕೆರೆಯುವುದು, ಊದುವುದು, ಮತ್ತೆ ಕೆರೆಯುವುದು. ಕೊನೆಗೆ ಅಂಗೈ ಮೇಲೆ ಒಂದು ಹಲ್ಲು. ಈಗಷ್ಟೇ ಯಾರದೋ ಬಾಯಿಂದ ಬಿದ್ದ ಹಾಗೆ.

ಯಜಮಾನತಿ ಭೂತಗನ್ನಡಿ ಇಳಿಸಿ ನೋಡಿದರು. "ಯಾರ ಹತ್ರ ಕಲಿತೆ?" ಹೇಳಿದಳು. "ಇವ್ರು ಯಾರು, ಅಮ್ಮನಾ?"

"ನಮ್ಮತ್ತೆ."

"ಕೆಲಸ ಕೇಳೋಕೆ ಅತ್ತೇನ ಕರ್ಕೊಂಡು ಬಂದೋರನ್ನ ಇವತ್ತೇ ನೋಡಿದ್ದು." ನಗಲಿಲ್ಲ. "ಮೂವತ್ತಕ್ಕೆ ಬಾ. ಬೆಳಿಗ್ಗೆ ಒಂಬತ್ತರಿಂದ ಎರಡು. ಮೂರು ತಿಂಗಳು ನೋಡ್ತೀನಿ, ಆಮೇಲೆ ಮಾತು."

ಮೂವತ್ತೊಂದರ ಕೊನೆಯ ಸ್ಟಾಪಿನಲ್ಲಿ ಏನಿದೆಯೋ ನೋಡಲೇ ಇಲ್ಲ. ಅಲ್ಲಿಂದಲೇ ಮನೆಗೆ ಬಂದೆವು.

ಡಿಸೆಂಬರ್ 30, ರಾತ್ರಿ 9.30

ಟಿಕೆಟ್ ನಿನ್ನೆ ಕ್ಯಾನ್ಸಲ್. ಹಳೇ ಲ್ಯಾಬಿನವರಿಗೆ ಫೋನ್ ಮಾಡಿದಳು. ಈ ಕಡೆ ಇವಳು ಅತ್ತಳು, ಆ ಕಡೆ ಅವರೂ.

ಇವತ್ತು ಒಬ್ಬಳೇ ಹೋದಳು. ಬಾಲ್ಕನಿಯಿಂದ ನೋಡಿದೆ, ಬಸ್ ಹತ್ತಿದ್ದು ಸರಿಯಾದ ನಂಬರಿನದೇ. ಮೂರಕ್ಕೆ ಬರಬೇಕಾದವಳು ನಾಲ್ಕಾದರೂ ಇಲ್ಲ. ಫೋನ್ ಎತ್ತುತ್ತಿಲ್ಲ. ಕೆಳಗಿಳಿದು ಮೆಡಿಕಲ್ ಶಾಪ್ ಎದುರು ನಿಂತೆ. ಬೈಯುವ ಮಾತುಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟುಕೊಂಡೆ. ನಾಲ್ಕೂವರೆಗೆ ಬಂದಳು, ಕೂದಲಲ್ಲೆಲ್ಲ ಬಿಳಿ ಪುಡಿ. ಮೂವತ್ತೊಂದರ ಕೊನೆಯ ಸ್ಟಾಪ್ ನೋಡಿಕೊಂಡು ಬಂದಳಂತೆ. ಅಲ್ಲೇನಿತ್ತು? "ಏನೂ ಇಲ್ಲ ಅತ್ತೆ. ಬಸ್ ತಿರುಗಿಸೋ ಜಾಗ, ಒಂದು ನಲ್ಲಿ. ಡ್ರೈವರನ್ನ ಕೇಳ್ದೆ, ಮುಂದೆ ರೋಡ್ ಇಲ್ವಾ ಅಂತ. ಇಲ್ವಂತೆ."

ಬೈಗುಳ ಒಂದೂ ನೆನಪಾಗಲಿಲ್ಲ.

ಊಟಕ್ಕೆ ಕೂತಾಗ ಶುರು ಮಾಡಿದಳು. ಯಜಮಾನತಿ ಹೀಗೆಂದರು, ಪಕ್ಕದ ಟೇಬಲಿನವಳು ಹಾಗೆಂದಳು, ಯಾರದೋ ಸೆಟ್ಟು ಇನ್ಯಾರದೋ ಡಬ್ಬಿಗೆ ಹೋಗಿ ಫಜೀತಿ... ಒಂದು ಗಂಟೆ. ಮಗನ ತುತ್ತು ಕೈಯಲ್ಲೇ ಒಣಗಿತು. ನಡುವೆ ನುಗ್ಗಲು ಎರಡು ಸಲ ನೋಡಿದೆ. ಜಾಗವೇ ಸಿಗಲಿಲ್ಲ. ನನಗೆ. ಕಂಡಕ್ಟರಿಗೆ.

ಜನವರಿ 1, ಬೆಳಿಗ್ಗೆ 7.35, ಬಸ್ಸಿನಲ್ಲಿ

ನಾಳೆ ಡ್ಯೂಟಿ. ಮಗ ಆಸ್ಪತ್ರೆಗೆ ಹೋಗುವ ಮುಂಚೆ ಬ್ಯಾಗ್ ಕೆಳಗಿಳಿಸಿ ಕೊಟ್ಟ. ಕಾಲಿಗೆ ಬಿದ್ದು ಏಳುವಾಗ "ಆಗಸ್ಟ್‌ನಲ್ಲಿ ಹೇಳ್ಬೇಕಿತ್ತಮ್ಮ" ಎಂದ. "ನಾನೂ ಫೋನ್ ಎತ್ಬೇಕಿತ್ತು" ಎಂದೆ. ಅಷ್ಟೇ. ಅಷ್ಟು ಸಾಕಾಯಿತು.

ಸೊಸೆ ಬಸ್‌ಸ್ಟ್ಯಾಂಡಿನವರೆಗೆ ಬಂದಿದ್ದಾಳೆ. ಒಂಬತ್ತಕ್ಕೆ ಲ್ಯಾಬು, ಟೈಮಿದೆ. ಸೀಟು ನೋಡಿ ಕೂರಿಸಿ, ಈ ಬಸ್ಸಿನ ಕಂಡಕ್ಟರಿಗೆ "ಇವ್ರು ನಿದ್ದೆ ಹೋದ್ರೆ ಎಬ್ಬಿಸಿ" ಎಂದು ಹೇಳಿ ಇಳಿದಳು. ಮರ್ಯಾದೆ ಹೋಯಿತು.

ಎಂಜಿನ್ ಶುರುವಾಗಿದೆ. ಅಕ್ಷರ ಕುಣಿಯುತ್ತಿವೆ. ಕಿಟಕಿಯಾಚೆ ನಿಂತು ಇನ್ನೂ ಮಾತಾಡುತ್ತಲೇ ಇದ್ದಾಳೆ, ಗಾಜು ಮುಚ್ಚಿದೆ ಎಂಬ ಖಬರೂ ಇಲ್ಲ. ಕೈ ಅಗಲಿಸಿ ಏನೋ ದೊಡ್ಡದನ್ನು ತೋರಿಸುತ್ತಿದ್ದಾಳೆ. ಒಂದು ಮಾತೂ ಕೇಳುತ್ತಿಲ್ಲ, ಸುಮ್ಮನೆ ತಲೆಯಾಡಿಸುತ್ತಿದ್ದೇನೆ. ಈಗ ನಗುತ್ತಿದ್ದಾಳೆ. ಏನಂತ ಗೊತ್ತಾಗಬೇಕು. ಗಾಜು ಸರಿಸಲು ನೋಡಿದೆ, ಬಿಗಿ. ಪಕ್ಕದವರೂ ಕೈ ಹಾಕಿದ್ದಾರೆ, ತಡಿ, ಪೆನ್ನು ಇಟ್ಟು ಎರಡೂ ಕೈಯಲ್ಲಿ—